ಟ್ರೇಲರ್ ಮೇಲಿನ ಒಂದೇ ಕಾರ್ಬನ್ ಟ್ಯಾಂಕು ಪಿಎಫ್‌ಎಎಸ್ ತೆಗೆಯಲು ಸಾಕೇ?

ನೀರಗಂಟಿ (ಪ್ರಶ್ನೆ):

ಸುಮಾರು 300 ಮನೆಗಳಿಗೆ ಕುಡಿಯುವ ನೀರು ಪೂರೈಸುವ ಸಣ್ಣ ಯೋಜನೆಯೊಂದರ ನಿರ್ವಹಣೆಯನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ನಮ್ಮ ಕೊಳವೆಬಾವಿಗೆ ಹತ್ತಿರದಲ್ಲೇ ಹಿಂದೆ ಬೆಂಕಿ ನಂದಿಸುವ ತರಬೇತಿ ನಡೆಯುತ್ತಿದ್ದ ಬಯಲೊಂದಿದೆ. ಅಲ್ಲಿ ವರ್ಷಗಟ್ಟಲೆ ಚೆಲ್ಲಿದ ನೊರೆಯಿಂದಲೇ ಇರಬೇಕು, ಇತ್ತೀಚಿನ ಪರೀಕ್ಷೆಯಲ್ಲಿ ಲೀಟರಿಗೆ 60 ನ್ಯಾನೊಗ್ರಾಂ ಪಿಎಫ್‌ಓಎಸ್, 35 ನ್ಯಾನೊಗ್ರಾಂ ಪಿಎಫ್‌ಎಚ್‌ಎಕ್ಸ್‌ಎಸ್ ಮತ್ತು 20 ನ್ಯಾನೊಗ್ರಾಂ ಪಿಎಫ್‌ಬಿಎ ಕಂಡುಬಂದಿವೆ. ಮೂರೂ ಪಿಎಫ್‌ಎಎಸ್ ಗುಂಪಿನವು, ಎಂದರೆ ಇಂಥ ನೊರೆ ಮತ್ತು ನೀರು ಅಂಟದ ಲೇಪನಗಳಲ್ಲಿ ಬಳಸುವ, ಸುಲಭವಾಗಿ ನಾಶವಾಗದ ಫ್ಲೋರಿನ್ ರಾಸಾಯನಿಕಗಳು. ಕಾಯಂ ಘಟಕ ಸಿದ್ಧವಾಗಲು ಇನ್ನೂ ಒಂದೂವರೆ ವರ್ಷ ಬೇಕಾಗಿರುವುದರಿಂದ, ಅಲ್ಲಿಯವರೆಗೆ ಟ್ರೇಲರ್ ಮೇಲೆ ಕೂರಿಸಿದ ಘಟಕವೊಂದನ್ನು ಬಾಡಿಗೆಗೆ ತರುವ ಯೋಚನೆ ಇದೆ.

ಅದರಲ್ಲಿರುವುದು ಒಂದೇ ಟ್ಯಾಂಕು, ಒಳಗೆ 1 ಘನ ಮೀಟರ್ ಹರಳು ಕಾರ್ಬನ್ (ರಾಸಾಯನಿಕಗಳನ್ನು ಮೈಗೆ ಅಂಟಿಸಿಕೊಳ್ಳುವ ಇದ್ದಿಲಿನ ಹರಳು); ನಿಮಿಷಕ್ಕೆ 200 ಲೀಟರ್ ಶುದ್ಧೀಕರಿಸುತ್ತದೆ, ಎರಡು ವರ್ಷ ಕಾರ್ಬನ್ ಬದಲಿಸಬೇಕಾಗಿಲ್ಲ, ನಡುವೆ ಪರೀಕ್ಷೆಯ ಅಗತ್ಯವೂ ಇಲ್ಲ ಎಂದು ಪೂರೈಕೆದಾರರು ಹೇಳುತ್ತಾರೆ. ಈ ರಾಸಾಯನಿಕಗಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾರ್ಬನ್ ಕೈಕೊಟ್ಟ ದಿನ ನಲ್ಲಿ ತಿರುಗಿಸಿದವರಿಗೆ ಏನೂ ತಿಳಿಯುವುದಿಲ್ಲ ಎಂಬುದೇ ನನ್ನ ಅಳುಕು. ಘಟಕ ಬರುವ ತನಕ ನೀರನ್ನು ಕುದಿಸಿ ಕುಡಿಯುವಂತೆ ಜನರಿಗೆ ತಿಳಿಸಬಹುದೇ?

ಸೋಸುಬಟ್ಟೆ:

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಇವತ್ತಿನ ವಿಷಯ. ದಯವಿಟ್ಟು ಹಾಗೆ ತಿಳಿಸಬೇಡಿ. ಇಂಗಾಲ ಮತ್ತು ಫ್ಲೋರಿನ್ ನಡುವಿನ ಬಂಧ ಸಾವಯವ ರಸಾಯನಶಾಸ್ತ್ರದಲ್ಲೇ ಅತಿ ಗಟ್ಟಿಯಾದವುಗಳ ಸಾಲಿಗೆ ಸೇರಿದ್ದು, ಒಲೆಯ ಶಾಖಕ್ಕೆ ಅದು ಜಗ್ಗುವುದಿಲ್ಲ. ಆವಿಯಾಗಿ ಹೋಗುವುದು ನೀರು ಮಾತ್ರ, ಆದ್ದರಿಂದ ಪಾತ್ರೆಯಲ್ಲಿ ಉಳಿದದ್ದರ ಸಾಂದ್ರತೆ ತುಸು ಹೆಚ್ಚೇ ಆಗುತ್ತದೆ. ಕ್ಲೋರಿನ್ ಮತ್ತು ಯುವಿ ದೀಪದಿಂದಲೂ ಇಲ್ಲಿ ಪ್ರಯೋಜನವಿಲ್ಲ.

ಇನ್ನು ಟ್ಯಾಂಕಿನ ವಿಷಯ. ಇಂಥ ಘಟಕವನ್ನು ನಿಮಿಷಕ್ಕೆ ಎಷ್ಟು ಲೀಟರ್ ಹರಿಯುತ್ತದೆ ಎಂಬುದರಿಂದಲ್ಲ, ನೀರು ಕಾರ್ಬನ್ ಜೊತೆ ಎಷ್ಟು ಹೊತ್ತು ಇರುತ್ತದೆ ಎಂಬುದರಿಂದ ಅಳೆಯಬೇಕು. 1 ಘನ ಮೀಟರ್ ಎಂದರೆ 1000 ಲೀಟರ್. ಅದನ್ನು 200ರಿಂದ ಭಾಗಿಸಿದರೆ ಬರುವುದು 5 ನಿಮಿಷ. ಪಿಎಫ್‌ಎಎಸ್‌ಗೆ ಹರಳು ಕಾರ್ಬನ್ ಬಳಸುವಾಗ ಸಾಮಾನ್ಯವಾಗಿ 10ರಿಂದ 20 ನಿಮಿಷಗಳ ಸಂಪರ್ಕ ಕಾಲ ಇಟ್ಟುಕೊಳ್ಳುತ್ತಾರೆ. ಅಂದರೆ ಪೂರೈಕೆದಾರರು ಹೇಳುವ 200 ಲೀಟರ್ ಪಂಪಿನ ಸಾಮರ್ಥ್ಯವೇ ಹೊರತು ಕಾರ್ಬನ್ನಿನದಲ್ಲ. ಕಾರ್ಬನ್ ಬದಲು ಬಳಸುವ ಅಯಾನು ವಿನಿಮಯ ರೆಸಿನ್‌ಗೆ (ವಿದ್ಯುದಂಶವಿರುವ ಕಣಗಳನ್ನು ಹಿಡಿದುಕೊಳ್ಳುವ ಪ್ಲಾಸ್ಟಿಕ್ ಮಣಿಗಳು) ಎರಡು ಮೂರು ನಿಮಿಷ ಸಾಕಾಗುವುದರಿಂದ ಜಾಗ ಕಡಿಮೆಯಿರುವ ಟ್ರೇಲರ್‌ಗಳಲ್ಲಿ ಅದನ್ನು ಇಷ್ಟಪಡುವವರು ಹೆಚ್ಚು. ಆದರೆ ಕ್ಲೋರಿನ್ ರೆಸಿನ್ನನ್ನು ಹಾಳುಮಾಡುತ್ತದೆಯಾದ್ದರಿಂದ ಅದನ್ನು ಕ್ಲೋರಿನ್ ಬೆರೆಸುವ ಜಾಗಕ್ಕಿಂತ ಮೊದಲೇ ಜೋಡಿಸಬೇಕು, ನೀರಿನಲ್ಲಿರುವ ನೈಟ್ರೇಟ್ ಮತ್ತು ಸಲ್ಫೇಟ್ ಕೂಡ ಅದರ ಜಾಗಕ್ಕಾಗಿ ಪೈಪೋಟಿ ನಡೆಸುತ್ತವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನನಗೆ ಇದಕ್ಕಿಂತ ಹೆಚ್ಚು ಆತಂಕ ತರುವುದು ನಿಮ್ಮ ಪಟ್ಟಿಯಲ್ಲಿ ಕೊನೆಗೆ ಬಂದಿರುವ ಪಿಎಫ್‌ಬಿಎ. ಎಂಟು ಇಂಗಾಲಗಳ ಉದ್ದನೆಯ ಸರಪಳಿಯಿರುವ ಪಿಎಫ್‌ಓಎಸ್ ಕಾರ್ಬನ್ನಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ನಾಲ್ಕೇ ಇಂಗಾಲಗಳ ಪಿಎಫ್‌ಬಿಎ ಸಡಿಲವಾಗಿ ಅಂಟಿಕೊಂಡು ಬೇಗನೆ ಜಾರಿಕೊಳ್ಳುತ್ತದೆ. ಅಷ್ಟೇ ಅಲ್ಲ, ಹಿಂದಿನಿಂದ ಬರುವ ಉದ್ದ ಸರಪಳಿಯವು ಮೊದಲು ಕೂತ ಗಿಡ್ಡ ಸರಪಳಿಯವನ್ನು ಎಬ್ಬಿಸಿ ತಾವು ಕೂರುವುದರಿಂದ, ಕೆಲವೊಮ್ಮೆ ಟ್ಯಾಂಕಿಗೆ ಹೋಗುವ ನೀರಿನಲ್ಲಿ ಇರುವುದಕ್ಕಿಂತ ಹೊರಬರುವ ನೀರಿನಲ್ಲಿ ಪಿಎಫ್‌ಬಿಎ ಹೆಚ್ಚಿರುತ್ತದೆ. ಒಂದೇ ಟ್ಯಾಂಕಿನಲ್ಲಿ ಇದು ನಡೆದರೆ ಅದು ನೇರವಾಗಿ ಮನೆಗಳಿಗೆ ಹೋಗುತ್ತದೆ. ಆದ್ದರಿಂದ ಎರಡು ಟ್ಯಾಂಕುಗಳನ್ನು ಒಂದರ ಹಿಂದೊಂದು ಜೋಡಿಸಿ, ನಡುವಿನ ಕೊಳವೆಯಲ್ಲಿ ಮಾದರಿ ತೆಗೆಯಲು ನಲ್ಲಿಯೊಂದನ್ನು ಇಡಿಸಿಕೊಳ್ಳಿ. ಆ ನಲ್ಲಿಯಲ್ಲಿ ಪಿಎಫ್‌ಎಎಸ್ ಕಾಣಿಸಿದಾಗ ಮೊದಲನೆಯ ಟ್ಯಾಂಕಿನ ಕಾರ್ಬನ್ ಬದಲಿಸಿ, ವಾಲ್ವ್ ತಿರುಗಿಸಿ ಎರಡನೆಯದನ್ನು ಮುಂದಕ್ಕೆ ತಂದು ಹೊಸದನ್ನು ಹಿಂದಿಡಬೇಕು. ನೀರಿನಲ್ಲಿರುವ ಸಾವಯವ ಅಂಶವೂ ಕಾರ್ಬನ್ನಿನ ಜಾಗ ತಿನ್ನುತ್ತದೆ; ನಿಮ್ಮ ನೀರಿನಲ್ಲಿ ಅದು ಎಷ್ಟಿದೆ ಎಂದು ಕೇಳದೆಯೇ ಎರಡು ವರ್ಷ ಬಾಳುತ್ತದೆ ಎಂದು ಹೇಳಿದವರ ಮಾತಿಗೆ ನಾನು ಬೆಲೆ ಕೊಡುವುದಿಲ್ಲ.

ಬಾಟಲಿಪೆಟ್ಟಿಗೆ:

ಮೇಲಿನ ಉತ್ತರಕ್ಕೆ ಪರೀಕ್ಷೆಯ ಬಗ್ಗೆ ಸ್ವಲ್ಪ ಸೇರಿಸಬೇಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಪಿಎಫ್‌ಓಎ (ಇದೇ ಗುಂಪಿನ ಇನ್ನೊಂದು) ಮತ್ತು ಪಿಎಫ್‌ಓಎಸ್‌ಗೆ ನಿಗದಿಪಡಿಸಿದ ಮಿತಿ, ತಲಾ ಲೀಟರಿಗೆ 4 ನ್ಯಾನೊಗ್ರಾಂ. ಯುರೋಪಿಯನ್ ಒಕ್ಕೂಟದ 2020ರ ನಿರ್ದೇಶನವು 20 ಬಗೆಯ ಪಿಎಫ್‌ಎಎಸ್‌ಗಳ ಮೊತ್ತಕ್ಕೆ 100 ನ್ಯಾನೊಗ್ರಾಂ ಮಿತಿ ಹಾಕಿದೆ. ನಿಮ್ಮ ಮೂರರ ಮೊತ್ತವೇ 115. 4 ನ್ಯಾನೊಗ್ರಾಂ ಎಂದರೆ 25 ಲಕ್ಷ ಲೀಟರ್ ಹಿಡಿಯುವ ಒಲಿಂಪಿಕ್ ಈಜುಕೊಳದಲ್ಲಿ 10 ಮಿಲಿಗ್ರಾಂ. ಈ ಮಟ್ಟದಲ್ಲಿ ಮಾದರಿ ತೆಗೆಯುವವರ ಅಂಗಿಯೂ ಫಲಿತಾಂಶವನ್ನು ಕೆಡಿಸಬಲ್ಲದು.

ಒಮ್ಮೆ ನಮ್ಮ ಶುದ್ಧೀಕರಿಸಿದ ನೀರಿನಲ್ಲಿ ಪಿಎಫ್‌ಎಎಸ್ ಇದ್ದಕ್ಕಿದ್ದಂತೆ ಏರಿತು. ಕಾರ್ಬನ್ ಮುಗಿಯಿತೆಂದು ಬದಲಿಸಲು ಹೊರಟವರು, ಅದರ ಜೊತೆಗೆ ಕಳಿಸಿದ್ದ ಖಾಲಿ ಮಾದರಿಯ, ಎಂದರೆ ಪ್ರಯೋಗಾಲಯದಿಂದಲೇ ತಂದು ಸ್ಥಳದಲ್ಲಿ ಬಾಟಲಿಗೆ ಸುರಿದ ಶುದ್ಧ ನೀರಿನ, ವರದಿಯನ್ನೂ ಬಿಡಿಸಿ ನೋಡಿದೆವು; ಅದರಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಆ ದಿನ ಮಳೆಯಿದ್ದು, ಮಾದರಿ ತೆಗೆದ ಹುಡುಗ ನೀರು ಅಂಟದ ಲೇಪನವಿರುವ ಮಳೆಯಂಗಿ ತೊಟ್ಟು ಅದರ ತೋಳು ಒದ್ದೆಯಾಗಿರುವಾಗಲೇ ಬಾಟಲಿಯ ಮುಚ್ಚಳ ತೆಗೆದಿದ್ದ. ಅಂಗಿ ಬದಲಿಸಿ ಮತ್ತೆ ತೆಗೆದಾಗ ಎರಡೂ ಸ್ವಚ್ಛವಾಗಿ ಬಂದವು. ಪಾಲಿಪ್ರೊಪಿಲೀನ್ ಬಾಟಲಿಯನ್ನೇ ಬಳಸಿ, ಮಾದರಿ ನಲ್ಲಿಯ ಜೋಡಣೆಗೆ ಬಿಳಿ ಟೆಫ್ಲಾನ್ ಟೇಪ್ ಸುತ್ತಬೇಡಿ, ಖಾಲಿ ಮಾದರಿಯನ್ನು ಎಂದೂ ಬಿಡಬೇಡಿ. ಪ್ರಯೋಗಾಲಯವು ಅದೇ ಅಮೆರಿಕದ ಸಂಸ್ಥೆಯ 537.1 ಎಂಬ ಪರೀಕ್ಷಾ ವಿಧಾನವನ್ನು ಮಾತ್ರ ಅನುಸರಿಸಿದರೆ ಪಿಎಫ್‌ಬಿಎ ಅದರ ಪಟ್ಟಿಯಲ್ಲೇ ಇರುವುದಿಲ್ಲ. 533 ವಿಧಾನವನ್ನು ಕೇಳಿ ಪಡೆಯಬೇಕು.

ನೀರಗಂಟಿ:

ಇಬ್ಬರಿಗೂ ಧನ್ಯವಾದಗಳು. ತಲಾ 2 ಘನ ಮೀಟರಿನ ಎರಡು ಟ್ಯಾಂಕುಗಳನ್ನು ಕೊಡಲು ಪೂರೈಕೆದಾರರು ಒಪ್ಪಿದ್ದಾರೆ. ನಮ್ಮ ನೀರಿನಲ್ಲಿ ಕಬ್ಬಿಣದ ಅಂಶವೂ ಸ್ವಲ್ಪ ಇರುವುದರಿಂದ ಟ್ಯಾಂಕುಗಳನ್ನು ವಾರಕ್ಕೊಮ್ಮೆ ಬ್ಯಾಕ್‌ವಾಶ್ ಮಾಡೋಣ, ಎಂದರೆ ಕೆಳಗಿನಿಂದ ನೀರು ನುಗ್ಗಿಸಿ ತೊಳೆಯೋಣ, ಎನ್ನುತ್ತಾರೆ. ಅದು ಸರಿಯೇ? ಬಳಸಿ ಮುಗಿದ ಕಾರ್ಬನ್ ಏನಾಗಬೇಕು ಎಂಬುದು ಒಪ್ಪಂದದಲ್ಲಿ ಎಲ್ಲೂ ಇಲ್ಲ.

ಹಳೆಯ ವಾಲ್ವ್:

ವಾರಕ್ಕೊಮ್ಮೆ ಬ್ಯಾಕ್‌ವಾಶ್ ಖಂಡಿತ ಬೇಡ. ಟ್ಯಾಂಕಿನ ಮೇಲ್ಪದರ ಮೊದಲು ತುಂಬುತ್ತದೆ, ಆ ಅಂಚು ನಿಧಾನವಾಗಿ ಕೆಳಕ್ಕೆ ಇಳಿಯುತ್ತದೆ. ಕೆಳಗಿನಿಂದ ನೀರು ನುಗ್ಗಿಸಿ ಕಲಕಿದರೆ ತುಂಬಿದ ಕಾರ್ಬನ್ ತಳಕ್ಕೆ ಬಂದು, ಪಿಎಫ್‌ಎಎಸ್ ಅವಧಿಗೆ ಮೊದಲೇ ಹೊರಬೀಳುತ್ತದೆ. ಕಬ್ಬಿಣವನ್ನು ಟ್ಯಾಂಕಿಗೆ ಬರುವ ಮುಂಚೆಯೇ ತೆಗೆಯಬೇಕು, ಅದರ ನಂತರ 5 ಮೈಕ್ರಾನಿನ ಫಿಲ್ಟರ್ ಇರಬೇಕು. ಬ್ಯಾಕ್‌ವಾಶ್ ಬೇಕಾಗುವುದು ಮುಖ್ಯವಾಗಿ ಹೊಸ ಕಾರ್ಬನ್ ತುಂಬಿದಾಗ: ರಾತ್ರಿಯಿಡೀ ನೆನೆಸಿಟ್ಟು, ಒಳಗಿನ ಗಾಳಿ ಹೊರಹೋದ ಮೇಲೆ ಕಪ್ಪು ಪುಡಿ ನಿಲ್ಲುವವರೆಗೆ ತೊಳೆಯಿರಿ. ಹೊಸ ಕಾರ್ಬನ್ ಆರಂಭದಲ್ಲಿ ನೀರಿನ ಪಿಎಚ್ ಏರಿಸಬಹುದು, ಕೆಲವೊಮ್ಮೆ ಅದರಿಂದ ಆರ್ಸೆನಿಕ್ ಕೂಡ ಬಿಡುತ್ತದೆ. ಆದ್ದರಿಂದ ಮೊದಲ ನೀರನ್ನು ಹೊರಗೆ ಬಿಟ್ಟು, ಪರೀಕ್ಷೆ ಆದ ಮೇಲಷ್ಟೇ ಜಾಲಕ್ಕೆ ಹರಿಸಬೇಕು. ಕಾರ್ಬನ್ ಕ್ಲೋರಿನ್ನನ್ನೂ ತೆಗೆದುಬಿಡುವುದರಿಂದ ಕ್ಲೋರಿನ್ ಬೆರೆಸುವುದು ಟ್ಯಾಂಕುಗಳ ನಂತರವೇ.

ಟ್ರೇಲರ್ ಬರುವವರೆಗೆ ಗರ್ಭಿಣಿಯರು ಮತ್ತು ಹಾಲುಪುಡಿ ಕಲಸಿಕೊಡಬೇಕಾದ ಕೂಸುಗಳಿರುವ ಮನೆಗಳಿಗೆ ಅಡುಗೆಮನೆಯ ಆರ್‌ಓ ಒಳ್ಳೆಯ ದಾರಿ. ಗಿಡ್ಡ ಸರಪಳಿಯವನ್ನೂ ಅದು ಚೆನ್ನಾಗಿ ತಡೆಯುತ್ತದೆ. ಪಿಎಫ್‌ಎಎಸ್ ತಗ್ಗಿಸುತ್ತದೆ ಎಂದು ಎನ್‌ಎಸ್‌ಎಫ್ 58 ಎಂಬ ಆರ್‌ಓ ಮಾನದಂಡದಡಿ ಪ್ರಮಾಣೀಕರಿಸಿದ್ದನ್ನೇ ಆರಿಸಿ.

ಒಪ್ಪಂದದ ವಿಷಯದಲ್ಲಿ ನಿಮ್ಮ ಅನುಮಾನ ಸರಿಯಾಗಿದೆ. ಕಾರ್ಬನ್ ಪಿಎಫ್‌ಎಎಸ್ಸನ್ನು ಹಿಡಿದಿಡುತ್ತದೆಯೇ ಹೊರತು ನಾಶಮಾಡುವುದಿಲ್ಲ. ಅದನ್ನು ಕಸದ ಗುಂಡಿಗೆ ಸುರಿದರೆ ಅಲ್ಲಿಂದ ಸೋರುವ ನೀರಿನ ಜೊತೆ ಇನ್ನೊಬ್ಬರ ಬಾವಿಯ ದಾರಿ ಹಿಡಿಯಬಹುದು. ಅತಿ ಹೆಚ್ಚು ಶಾಖದಲ್ಲಿ ಪುನಶ್ಚೇತನಗೊಳಿಸುವ ಅಥವಾ ಸುಡುವ ಕೇಂದ್ರಕ್ಕೆ ಒಯ್ದದ್ದಕ್ಕೆ ರಸೀದಿ ಕೊಡಬೇಕೆಂದು ಬರೆಸಿಕೊಳ್ಳಿ. ಕಾರ್ಬನ್ ಹೊರತೆಗೆಯುವ ದಿನ ತಾವೇ ಅಲ್ಲಿ ನಿಂತಿರಿ: ಟ್ಯಾಂಕಿನಿಂದ ಬಸಿಯುವ ನೀರನ್ನು ಚರಂಡಿಗೆ ಬಿಡುವುದು ಕೆಲಸದವರ ರೂಢಿ, ಅದನ್ನು ಎರಡನೆಯ ಟ್ಯಾಂಕಿನ ಮೂಲಕ ಹಾಯಿಸಿಯೇ ಹೊರಬಿಡಬೇಕು.