ಜೋಗದ ಚಿತ್ರ ಕಳುಹಿಸಿದಾಗ ಮಸುಕಾಗುವುದೇಕೆ?

ಪ್ರಶ್ನೆ: ಆಗಸ್ಟ್‌ನಲ್ಲಿ ಜೋಗಕ್ಕೆ ಹೋಗಿದ್ದಾಗ, ಮಂಜು ಸರಿದ ಎರಡೇ ನಿಮಿಷದಲ್ಲಿ, ಸುಮಾರು 253 ಮೀಟರ್ ಎತ್ತರದಿಂದ ಧುಮುಕುವ ರಾಜಾ ಕವಲನ್ನು ಸೆರೆಹಿಡಿದೆ. ನೀರಿನ ಎಳೆ ಎಳೆಯೂ ಕಾಣುತ್ತಿದ್ದ ಆ ಚಿತ್ರ, ಮೊಬೈಲ್ ಸಂದೇಶದಲ್ಲಿ ಅಕ್ಕನಿಗೆ ಕಳುಹಿಸಿದಾಗ ಹಿಟ್ಟು ಚೆಲ್ಲಿದಂತಾಯಿತು. ಪರಿಹಾರವಿದೆಯೇ?

ಉತ್ತರ 1: ಇಂಥ ಆ್ಯಪ್‌ಗಳು ಸಾಮಾನ್ಯವಾಗಿ ಚಿತ್ರವನ್ನು ಕುಗ್ಗಿಸಿಯೇ ಕಳುಹಿಸುತ್ತವೆ. ‘ಡಾಕ್ಯುಮೆಂಟ್’ ಆಗಿ ಲಗತ್ತಿಸಿದರೆ ಮೂಲ ಕಡತವೇ ತಲುಪುತ್ತದೆ.

ಉತ್ತರ 2: ಜೆಪೆಗ್ (ಚಿತ್ರವನ್ನು ಕುಗ್ಗಿಸಿ ಉಳಿಸುವ ಸಾಮಾನ್ಯ ಮಾದರಿ) ಕಡತವನ್ನು ತಿದ್ದಿ ಮತ್ತೆ ಮತ್ತೆ ಉಳಿಸಿದಂತೆಲ್ಲ ವಿವರಗಳು ಸವೆಯುತ್ತವೆ, ತುಂತುರಿನಂಥ ಸೂಕ್ಷ್ಮ ಭಾಗಗಳಲ್ಲಿ ಅದು ಸಣ್ಣ ಚೌಕಗಳಾಗಿ ಕಣ್ಣಿಗೆ ಹೊಡೆಯುತ್ತದೆ. ಆದ್ದರಿಂದ ಮೂಲವನ್ನು ಮುಟ್ಟದೆ ಪ್ರತಿಯನ್ನಷ್ಟೇ ತಿದ್ದಿರಿ. (ನಾನು ಇದನ್ನು ಕಲಿತದ್ದು ಒಳ್ಳೆಯ ಚಿತ್ರವೊಂದನ್ನು ಕೆಡಿಸಿಕೊಂಡ ಮೇಲೆ.)

ಪ್ರಶ್ನೆ ಕೇಳಿದವರು: ಡಾಕ್ಯುಮೆಂಟ್ ಆಗಿ ಕಳುಹಿಸಿದೆ. ಬಂಡೆಯ ಮೇಲಿನ ಪಾಚಿಯೂ ಕಾಣುತ್ತಿದೆಯೆಂದು ಅಕ್ಕ ಬರೆದಿದ್ದಾರೆ.