ಆನುವಂಶಿಕ ಊತದ ಕಾಯಿಲೆ: ಮದುವೆಯ ನಂತರ ಡನಾಜಾಲ್ ಮುಂದುವರಿಸಬಹುದೇ?

ಪ್ರಶ್ನೆ, ದಾವಣಗೆರೆಯಿಂದ:
ನನ್ನ ತಂಗಿಗೆ ಆನುವಂಶಿಕ ಆಂಜಿಯೋಎಡೀಮಾ ಇದೆ. ತುಟಿ, ಕೈ, ಹೊಟ್ಟೆ ಎಲ್ಲೆಂದರಲ್ಲಿ ಊದಿಕೊಳ್ಳುತ್ತಿದ್ದಾಗ ಅಲರ್ಜಿಯೆಂದೇ ವರ್ಷಗಟ್ಟಲೆ ಮಾತ್ರೆ ಕೊಟ್ಟರು. ರಕ್ತದಲ್ಲಿ ಸಿ4 ಮತ್ತು ಸಿ1 ಇನ್‌ಹಿಬಿಟರ್ ಎಂಬ ಎರಡೂ ಪ್ರೋಟೀನುಗಳು ಕಡಿಮೆಯಿವೆ ಎಂದು ಬೆಂಗಳೂರಿನಲ್ಲಿ ಗೊತ್ತಾದ ಮೇಲೆ ಡನಾಜಾಲ್ ಆರಂಭವಾಯಿತು. ಈಗ ಊತ ಅಪರೂಪ. ಆದರೆ ತೂಕ ಹೆಚ್ಚಿದೆ, ಮುಟ್ಟು ಏರುಪೇರಾಗಿದೆ, ವೈಶಾಖದಲ್ಲಿ ಮದುವೆಯೂ ನಿಶ್ಚಯವಾಗಿದೆ. ಈ ಮಾತ್ರೆಯನ್ನು ಮುಂದುವರಿಸಬಹುದೇ? ನಿಲ್ಲಿಸಿದರೆ ಗಂಟಲು ಊದೀತೆಂಬ ಭಯದಿಂದ ಅವಳು ಈ ಮಾತನ್ನೇ ಎತ್ತಗೊಡುವುದಿಲ್ಲ.

ಉತ್ತರ, ದಾವಣಗೆರೆಯ ವೈದ್ಯರಿಂದ:
ಅವರ ಭಯಕ್ಕೆ ಆಧಾರವಿದೆ. ಆದ್ದರಿಂದ ಯಾರೂ ಮನೆಯಲ್ಲೇ ತೀರ್ಮಾನಿಸಿ ಮಾತ್ರೆ ಬಿಡಿಸಬೇಡಿ. ಆದರೆ ಡನಾಜಾಲ್ ಗಂಡುಹಾರ್ಮೋನಿನ ಗುಣವುಳ್ಳ ಔಷಧ. ಗರ್ಭದಲ್ಲಿರುವುದು ಹೆಣ್ಣುಶಿಶುವಾದರೆ ಅದರ ಬೆಳವಣಿಗೆಗೆ ಹಾನಿ ಮಾಡಬಲ್ಲದು. ಹೀಗಾಗಿ ಗರ್ಭಧಾರಣೆಗೆ ಸಾಕಷ್ಟು ಮೊದಲೇ ಅದನ್ನು ನಿಲ್ಲಿಸಬೇಕು. ಅಲ್ಲಿಯವರೆಗೆ ಗರ್ಭನಿರೋಧಕ ಬೇಕು, ಅದೂ ಈಸ್ಟ್ರೋಜನ್ ಇಲ್ಲದ್ದು, ಏಕೆಂದರೆ ಈಸ್ಟ್ರೋಜನ್ ಊತವನ್ನು ಹೆಚ್ಚಿಸುತ್ತದೆ. ಅಷ್ಟರೊಳಗೆ ಪ್ರಮಾಣವನ್ನು ಎಷ್ಟು ಇಳಿಸಬಹುದೆಂದು ನೋಡಬೇಕು: ದೀರ್ಘಕಾಲಕ್ಕೆ ದಿನಕ್ಕೆ 200 ಮಿಲಿಗ್ರಾಂ ಮೀರದಂತೆ, ಊತ ಹತೋಟಿಯಲ್ಲಿರುವ ಅತ್ಯಂತ ಕಡಿಮೆ ಪ್ರಮಾಣವೇ ಸರಿಯಾದುದು. ಯಕೃತ್ತು, ರಕ್ತದಲ್ಲಿನ ಕೊಬ್ಬು, ರಕ್ತದೊತ್ತಡಗಳ ತಪಾಸಣೆಯನ್ನು ಆರು ತಿಂಗಳಿಗೊಮ್ಮೆಯಾದರೂ ಮಾಡಿಸಿ.

ಈ ಊತಕ್ಕೆ ಕಾರಣ ಅಲರ್ಜಿಯಲ್ಲಿ ಬಿಡುಗಡೆಯಾಗುವ ಹಿಸ್ಟಮಿನ್ ಅಲ್ಲ, ರಕ್ತನಾಳಗಳಿಂದ ದ್ರವ ಸೋರುವಂತೆ ಮಾಡುವ ಬ್ರ್ಯಾಡಿಕೈನಿನ್ ಎಂಬ ಬೇರೆ ವಸ್ತು. ಅಲರ್ಜಿಯ ಮಾತ್ರೆ, ಸ್ಟೆರಾಯ್ಡ್ ಫಲಿಸದಿದ್ದುದು ಅದಕ್ಕೇ. 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ತಡೆಗಟ್ಟುವ ಚಿಕಿತ್ಸೆಯಲ್ಲಿ ಪ್ಲಾಸ್ಮಾದಿಂದ ತಯಾರಿಸಿದ ಸಿ1 ಇನ್‌ಹಿಬಿಟರ್, ಚರ್ಮದಡಿ ಚುಚ್ಚುವ ಲಾನಾಡೆಲುಮ್ಯಾಬ್ ಮತ್ತು ದಿನಕ್ಕೊಂದು ಸೇವಿಸುವ ಬೆರೋಟ್ರಾಲ್‌ಸ್ಟಾಟ್‌ಗಳನ್ನು ಮೊದಲ ಆಯ್ಕೆಯಾಗಿ ಹೇಳಿ, ಡನಾಜಾಲ್ ಗುಂಪನ್ನು ಇವು ಸಿಗದ ಕಡೆಗೆ ಮೀಸಲಿಟ್ಟಿದೆ. ನಮ್ಮ ಬಹುತೇಕ ಕುಟುಂಬಗಳ ಕೈಗೆ ಇವು ಎಟುಕುತ್ತಿಲ್ಲವೆಂಬುದು ನನ್ನನ್ನು ನಿಜವಾಗಿ ನೋಯಿಸುವ ಸಂಗತಿ. ಗರ್ಭಿಣಿಗೆ ಸಿ1 ಇನ್‌ಹಿಬಿಟರೇ ಉತ್ತಮ. ಅದು ದೊರೆಯದಿದ್ದರೆ ರಕ್ತಸ್ರಾವ ತಡೆಯಲು ಬಳಸುವ ಟ್ರಾನೆಕ್ಸಾಮಿಕ್ ಆಸಿಡ್ ಅನ್ನು ಯೋಚಿಸಬಹುದು, ಆದರೆ ಅದರ ಪರಿಣಾಮ ಕಡಿಮೆ, ಮನೆತನದಲ್ಲಿ ರಕ್ತ ಹೆಪ್ಪುಗಟ್ಟುವ ತೊಂದರೆಯಿದ್ದರೆ ಎಚ್ಚರಿಕೆಯೂ ಬೇಕು.

ಉತ್ತರ, ಚಿತ್ರದುರ್ಗದಿಂದ:
ಅಣ್ಣಾವ್ರೇ, ನನಗೂ ಇದೇ ಕಾಯಿಲೆ, ನಮ್ಮ ತಂದೆಯಿಂದ ಬಂದದ್ದು. ಮದುವೆಗೆ ಮೊದಲೇ ಗಂಡಿನ ಮನೆಯವರಿಗೆ ತಿಳಿಸಿದೆವು. ಪ್ರತಿ ಮಗುವಿಗೂ ಇದು ಬರುವ ಸಾಧ್ಯತೆ ಅರ್ಧದಷ್ಟು ಎಂಬುದನ್ನೂ ಮುಚ್ಚಿಡಲಿಲ್ಲ. ತಂಗಿ ಒಪ್ಪಿದರೆ ನೀವೂ ಹಾಗೆಯೇ ಮಾಡಿ. ಆದರೆ ಹೇಳುವ ತೀರ್ಮಾನ ಅವರದ್ದೇ ಆಗಿರಲಿ. ವೈದ್ಯರಿಗೆ ನನ್ನದೊಂದು ಪ್ರಶ್ನೆ: ಹಲ್ಲು ಕೀಳಿಸುವಾಗ ದಿನದ ಮಾತ್ರೆಯೇ ಸಾಕೇ?

ಉತ್ತರ, ದಾವಣಗೆರೆಯ ವೈದ್ಯರಿಂದ:
ಸಾಲದು, ಅಮ್ಮ. ದಿನದ ಔಷಧದ ಮೇಲಿದ್ದರೂ ಊತ ಬರಬಹುದು, ಬಾಯಿಯೊಳಗಿನ ಚಿಕಿತ್ಸೆಯಂತೂ ಗಂಟಲಿನ ಊತಕ್ಕೆ ದೊಡ್ಡ ಕಾರಣ. ದಂತವೈದ್ಯರಿಗೆ ಮೊದಲೇ ಹೇಳಿ, ಸಿ1 ಇನ್‌ಹಿಬಿಟರ್ ಅಥವಾ ಅದಿಲ್ಲದಿದ್ದರೆ ಫ್ರೆಶ್ ಫ್ರೋಜನ್ ಪ್ಲಾಸ್ಮಾ (ದಾನಿಗಳ ರಕ್ತದಿಂದ ಬೇರ್ಪಡಿಸಿ ಹೆಪ್ಪುಗಟ್ಟಿಸಿಟ್ಟ ದ್ರವಭಾಗ) ಪಡೆದು, ತುರ್ತು ವ್ಯವಸ್ಥೆಯಿರುವ ಆಸ್ಪತ್ರೆಯಲ್ಲೇ ಮಾಡಿಸಿ. ರಕ್ತದೊತ್ತಡಕ್ಕೆ ಕೊಡುವ ಎನಾಲಾಪ್ರಿಲ್, ರಾಮಿಪ್ರಿಲ್ ಬ್ರ್ಯಾಡಿಕೈನಿನ್ ಹೆಚ್ಚಿಸುತ್ತವೆ, ಅವು ಬೇಡವೆಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಧ್ವನಿ ಬದಲಾದರೆ ಅಥವಾ ನುಂಗಲು ಕಷ್ಟವಾದರೆ, ಊತ ಇಳಿಯುವುದನ್ನು ಕಾಯದೆ ಆ ಚೀಟಿಯೊಂದಿಗೆ ನೇರವಾಗಿ ತುರ್ತು ವಿಭಾಗಕ್ಕೆ ಹೋಗಿ.