ಮರಿ ಬಿಟ್ಟರೂ ಕೆರೆಯಲ್ಲಿ ಮೀನು ಕಡಿಮೆ: ನೀವೇನು ಮಾಡಿದಿರಿ?

ನಮ್ಮದು ಮೀನು ಹಿಡಿಯುವವರ ಸಣ್ಣ ಗುಂಪು. ವರ್ಷ ವರ್ಷ ಕೆರೆಗೆ ಮರಿ ಬಿಡುತ್ತೇವೆ. ಆದರೂ ಸಿಗುವುದು ಕಡಿಮೆಯಾಗುತ್ತಿದೆ, ಸಿಕ್ಕಿದ್ದೂ ಸಣ್ಣದು. ಇನ್ನೂ ಜಾಸ್ತಿ ಬಿಡಬೇಕಾ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

*

ಮೊದಲು ನಿಮ್ಮ ಬಲೆಯ ಕಣ್ಣು ಅಳೆಯಿರಿ. ನಾವೂ ಮೂರು ವರ್ಷ ಮರಿ ಸುರಿದೆವು. ಒಮ್ಮೆ ಹಿಡಿದ ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ಮೀನುಗಳ ಹೊಟ್ಟೆ ಸೀಳಿ ನೋಡಿದರೆ ಬಹುಪಾಲಿಗೆ ತತ್ತಿಯೇ ಕಟ್ಟಿರಲಿಲ್ಲ. ಒಂದು ಸಲವೂ ಮೊಟ್ಟೆ ಇಡದ ಮೀನನ್ನು ಎತ್ತಿ ತರುತ್ತಿದ್ದೆವು ಅಂತ ಆಗ ತಿಳಿಯಿತು. ದೊಡ್ಡ ಕಣ್ಣಿನ ಬಲೆಗೆ ಬದಲಾದ ಮೊದಲ ವರ್ಷ ಬುಟ್ಟಿ ಅರ್ಧವೂ ತುಂಬಲಿಲ್ಲ, ಗುಂಪಿನಲ್ಲಿ ಜಗಳವೇ ಆಯಿತು. ಎರಡನೇ ವರ್ಷ ತೂಕ ಏರಿತು, ಜಗಳ ನಿಂತಿತು. ತೀರಾ ದೊಡ್ಡ ಹೆಣ್ಣು ಸಿಕ್ಕರೆ ನಾವು ನೀರಿಗೇ ಬಿಡುತ್ತೇವೆ. ಸಣ್ಣವು ಹತ್ತಾರು ಸೇರಿ ಇಡುವಷ್ಟು ಮೊಟ್ಟೆಯನ್ನು ಅದೊಂದೇ ಇಡಬಲ್ಲದು. ಗೆಂಡೆ ಜೊಂಡಿಗೆ ಮೊಟ್ಟೆ ಅಂಟಿಸುತ್ತದೆ, ಹಾಗಾಗಿ ದಡದ ಜೊಂಡನ್ನು ಪೂರ್ತಿ ಕೀಳಬೇಡಿ.

*

ಇದು ಗೆಂಡೆಗೆ ಸರಿ. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ, ಅವಕ್ಕೆ ಹರಿಯುವ ಹೊಸ ನೀರು ಬೇಕು. ಆದ್ದರಿಂದ ಅವನ್ನು ಬಿಡುತ್ತಲೇ ಇರಬೇಕು. ಆದರೆ ಎಷ್ಟು ಬಿಟ್ಟಿರಿ ಅನ್ನುವುದಕ್ಕಿಂತ ಎಷ್ಟುದ್ದದ್ದು ಬಿಟ್ಟಿರಿ ಅನ್ನುವುದು ಮುಖ್ಯ. ನಾವು ಅಕ್ಕಿಕಾಳಿನಷ್ಟು ಮರಿ ಬಿಟ್ಟಾಗ ಮೀನು ತಿನ್ನುವ ಮೀನುಗಳಿಗೇ ಹಬ್ಬವಾಯಿತು. ಈಗ ದಡದಲ್ಲಿ ಬಲೆ ಆವರಣ ಕಟ್ಟಿ, ಸುಮಾರು 10 ಸೆಂ.ಮೀ. ಆಗುವವರೆಗೆ ಸಾಕಿ ಬಿಡುತ್ತೇವೆ. ಹೊರಗಿನಿಂದ ತಂದ ಮರಿಯ ಚೀಲವನ್ನು ಹದಿನೈದಿಪ್ಪತ್ತು ನಿಮಿಷ ನೀರಲ್ಲಿ ತೇಲಲು ಬಿಡಿ, ಆಮೇಲೆ ಕೆರೆಯ ನೀರನ್ನು ಸ್ವಲ್ಪ ಸ್ವಲ್ಪ ಚೀಲಕ್ಕೆ ಬೆರೆಸಿ. ನೇರ ಸುರಿದು ಎಷ್ಟೋ ಮರಿ ಕಳೆದುಕೊಂಡ ನೋವು ನನಗಿದೆ.

*

ಕೆರೆಯಲ್ಲಿ ತಿಲಾಪಿಯಾ ತುಂಬಿದೆಯಾ ನೋಡಿ. ಹಾಗಿದ್ದರೆ ಮೊದಲ ಉತ್ತರ ತಿರುಗುಮುರುಗಾಗುತ್ತದೆ. ಅದು ಕೆಲವೇ ತಿಂಗಳಲ್ಲಿ ಪ್ರಾಯಕ್ಕೆ ಬಂದು ಮತ್ತೆ ಮತ್ತೆ ಮರಿ ಮಾಡುತ್ತದೆ. ದಟ್ಟಣೆ ಹೆಚ್ಚಿ ಯಾವುದಕ್ಕೂ ಮೇವು ಸಾಲದೆ ಎಲ್ಲವೂ ಕುಳ್ಳಾಗಿ ಉಳಿಯುತ್ತವೆ. ಅಲ್ಲಿ ಸಣ್ಣ ಮೀನನ್ನೇ ಹೆಚ್ಚು ಹಿಡಿಯಬೇಕು.

ಅದನ್ನು ತಿನ್ನಲಿ ಅಂತ ಹೊರಗಿನ ಬೇಟೆ ಮೀನು ಮಾತ್ರ ತಂದು ಬಿಡಬೇಡಿ, ಕೈಮುಗಿದು ಕೇಳುತ್ತೇನೆ. ಆಫ್ರಿಕಾದ ವಿಕ್ಟೋರಿಯಾ ಸರೋವರಕ್ಕೆ 1950ರ ದಶಕದಲ್ಲಿ ನೈಲ್ ಪರ್ಚ್ ಅನ್ನುವ ದೊಡ್ಡ ಬೇಟೆ ಮೀನು ಬಿಟ್ಟರು. ಅಲ್ಲಿನ ನೂರಾರು ಬಗೆಯ ಸ್ಥಳೀಯ ಸಣ್ಣ ಮೀನುಗಳಲ್ಲಿ ಎಷ್ಟೋ ಕಾಣೆಯಾದವು.

ಒಂದು ದಿನದ ಹಿಡಿತದಲ್ಲಿ ಐವತ್ತು ಮೀನು ಆರಿಸಿ, ಜಾತಿ, ಉದ್ದ, ತತ್ತಿ ಇದೆಯೋ ಇಲ್ಲವೋ ಬರೆದು ಇಲ್ಲಿ ಹಾಕಿ. ಮರಿಗೆ ದುಡ್ಡು ಕೊಡುವ ಮುಂಚೆ ಅದನ್ನು ನೋಡಿ ಮಾತಾಡೋಣ.